ಪ್ರಿಂಟರ್ ಹೆಡ್ ಬ್ಲಾಕ್ ಆಗಿದೆಯಾ? ಕ್ಲೀನಿಂಗ್ ಬಟನ್ ಒತ್ತುತ್ತಾ ಕೂರಬೇಡಿ

ಜೂನ್ ಬಂದರೆ ಮುಂಬಯಿಯಲ್ಲಿ ಮಳೆ, ಶಾಲೆ ಎರಡೂ ಒಟ್ಟಿಗೆ ಶುರು. ಮೇ ತಿಂಗಳು ಪೂರ್ತಿ ಊರಲ್ಲಿದ್ದು, ಮತ್ಸ್ಯಗಂಧ ರೈಲು ಹತ್ತಿ ಡೊಂಬಿವಲಿಗೋ ಮುಲುಂಡಿಗೋ ವಾಪಸಾದವರು ಮಕ್ಕಳ ಶಾಲೆಯ ಫಾರಂ ಪ್ರಿಂಟ್ ತೆಗೆಯಲು ಕೂರುತ್ತಾರೆ. ಆಗ ಗೊತ್ತಾಗುತ್ತದೆ. ಅಕ್ಷರಗಳ ನಡುವೆ ಬಿಳಿ ಗೆರೆ, ಫೋಟೊದಲ್ಲಿ ಎಲ್ಲರ ಮುಖವೂ ಹಸಿರು. ಊರಿಗೆ ಹೋಗುವ ಮೊದಲು ಚೆನ್ನಾಗಿಯೇ ಇತ್ತಲ್ಲ ಅಂತ ಮನೆಯಲ್ಲಿ ಮಾತು ಶುರುವಾಗುತ್ತದೆ.

ಹೆಚ್ಚಿನವರು ಆಗ ಮಾಡುವ ಕೆಲಸ ಒಂದೇ, ಹೆಡ್ ಕ್ಲೀನಿಂಗ್ ಒತ್ತುವುದು. ಸರಿಯಾಗಲಿಲ್ಲ ಅಂದರೆ ಮತ್ತೆ ಒತ್ತುವುದು. ಟ್ಯಾಂಕ್ ಅರ್ಧ ಇಳಿಯುವವರೆಗೂ ಒತ್ತುವುದು. ನಾನು ಹೇಳುವುದು ಇದರ ಉಲ್ಟಾ. ಏನು ಕೆಟ್ಟಿದೆ ಅಂತ ಮೊದಲು ಸರಿಯಾಗಿ ನೋಡಿ, ಆಮೇಲೆ ಸ್ವಲ್ಪ ನೀರು, ಉಳಿದದ್ದು ಸುಮ್ನೆ ಕಾಯುವ ಕೆಲಸ. ಮನೆಯ ಇಂಕ್‌ಜೆಟ್‌ಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಸರಿಹೋಗುತ್ತವೆ.

ಒಳಗೆ ಆಗುವುದೇನು

ಹಾಳೆಯ ಮೇಲೆ ಅತ್ತಿತ್ತ ಸರಿದು ಇಂಕ್ ಚಿಮ್ಮಿಸುವ ಭಾಗವೇ ಹೆಡ್. ಅದರ ಅಡಿಯಲ್ಲಿ ನೂರಾರು ತೂತುಗಳಿರುತ್ತವೆ. ಅವೇ ನಾಝಲ್‌ಗಳು. ಎಪ್ಸನ್‌ನ ಎಲ್3110ರಂಥ ಮನೆ ಮಾಡೆಲ್‌ನಲ್ಲಿ ಕಪ್ಪು ಬಣ್ಣಕ್ಕೆ 180, ಉಳಿದ ಮೂರು ಬಣ್ಣಗಳಿಗೆ ತಲಾ 59. ಒಂದೊಂದು ತೂತೂ ನಮ್ಮ ತಲೆಗೂದಲಿಗಿಂತ ಸಣ್ಣದು. ಇಂಕ್‌ನಲ್ಲಿ ಹೆಚ್ಚಿನ ಪಾಲು ನೀರೇ ಇರುತ್ತದೆ, ಆ ನೀರು ಆರಿದರೆ ಉಳಿದದ್ದು ತೂತಿನ ಬಾಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಹಾಗೆ ಆರದಿರಲಿ ಅಂತಲೇ ಪ್ರಿಂಟ್ ಮುಗಿದ ಮೇಲೆ ಹೆಡ್ ಒಂದು ಬದಿಗೆ, ಸಾಮಾನ್ಯವಾಗಿ ಬಲಗಡೆಗೆ, ಹೋಗಿ ರಬ್ಬರ್ ಕ್ಯಾಪ್ ಮೇಲೆ ಕೂರುತ್ತದೆ. ಕೊನೆಯ ಹಾಳೆ ಹೊರಗೆ ಬಿದ್ದ ಕೂಡಲೇ ಗೋಡೆಯ ಸ್ವಿಚ್ ಆಫ್ ಮಾಡುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ, ಹೆಡ್ ಕ್ಯಾಪ್ ತಲುಪುವ ಮೊದಲೇ ಕರೆಂಟ್ ಹೋಗಿರುತ್ತದೆ. ಬಾಯಿ ತೆರೆದುಕೊಂಡೇ ತಿಂಗಳುಗಟ್ಟಲೆ ಕೂತಿರುತ್ತದೆ. ಕರೆಂಟ್ ಉಳಿಸುವ ಆಸೆಗೆ ಹೆಡ್ ಹಾಳಾಗುವುದು ಹೀಗೆ.

ನಿಮ್ಮ ಪ್ರಿಂಟರ್ ಯಾವ ಜಾತಿಯದು ಅನ್ನುವುದೂ ಗೊತ್ತಿರಬೇಕು, ಯಾಕೆಂದರೆ ಮುಂದೆ ಮಾಡುವ ಕೆಲಸ ಅದರ ಮೇಲೆ ನಿಂತಿದೆ. ಎಚ್‌ಪಿ, ಕ್ಯಾನನ್‌ಗಳ ಮನೆ ಪ್ರಿಂಟರ್‌ಗಳು ಇಂಕನ್ನು ಕಾಯಿಸಿ ಚಿಮ್ಮಿಸುತ್ತವೆ. ನಾಝಲ್ ಹಿಂದೆ ಪುಟ್ಟ ಹೀಟರ್ ಇರುತ್ತದೆ, ಅದು ಕ್ಷಣಮಾತ್ರ ಕಾದಾಗ ಗುಳ್ಳೆ ಎದ್ದು ಹನಿಯನ್ನು ಹೊರಗೆ ತಳ್ಳುತ್ತದೆ. 1977ರಲ್ಲಿ ಕ್ಯಾನನ್‌ನ ಇಚಿರೊ ಎಂಡೊ ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಬಿಸಿ ಸೋಲ್ಡರಿಂಗ್ ಐರನ್ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ತಾಗಿ ಇಂಕ್ ಚಿಮ್ಮಿತಂತೆ. ಅವರ ಬಬಲ್ ಜೆಟ್‌ಗೆ ಅದೇ ಮೂಲ. ಎಪ್ಸನ್ ಮತ್ತು ಬ್ರದರ್ ಕಾಯಿಸುವುದಿಲ್ಲ. ಅವುಗಳಲ್ಲಿ ಕರೆಂಟ್ ಕೊಟ್ಟಾಗ ಬಾಗುವ ಪಿಯೆಜೊ ಎಂಬ ಚೂರು ಇಂಕನ್ನು ಒತ್ತಿ ಹೊರಗೆ ಹಾಕುತ್ತದೆ.

ಕಾಯಿಸುವ ಜಾತಿಯದಾದರೆ ಇಂಕ್ ಬಾರದಿದ್ದಾಗ ಪ್ರಿಂಟ್ ಮೇಲೆ ಪ್ರಿಂಟ್ ಕೊಡುತ್ತಾ ಹೋಗಬೇಡಿ. ಹೀಟರ್‌ಗೆ ತಂಪು ಕೊಡುವುದು ಇಂಕೇ. ಇಂಕಿಲ್ಲದೆ ಕಾದರೆ ಅದು ಸುಟ್ಟುಹೋಗುತ್ತದೆ, ಆಮೇಲೆ ಯಾವ ನೀರಿಗೂ ಸರಿಯಾಗದು. ಪಿಯೆಜೊ ಹಾಗೆ ಸುಡುವುದಿಲ್ಲ, ಆದರೆ ಜೋರಾಗಿ ಒತ್ತಡ ಹಾಕಿದರೆ ಒಳಗೆ ಬಿಟ್ಟುಕೊಳ್ಳುತ್ತದೆ. ಸಿರಿಂಜ್ ಹಿಡಿದು ಹೀರೊ ಆಗಲು ಹೊರಟವರು ಹೆಡ್ ಕಳೆದುಕೊಳ್ಳುವುದು ಇಲ್ಲೇ.

ಇನ್ನೊಂದು ಮಾತು ಇಂಕ್ ಬಗ್ಗೆ. ಡೈ ಇಂಕ್ ನೀರಿನಲ್ಲಿ ಕರಗಿರುವ ಬಣ್ಣ, ಆರಿದರೂ ನೀರಿಗೆ ಬಿಟ್ಟುಕೊಡುತ್ತದೆ. ಪಿಗ್ಮೆಂಟ್ ಇಂಕ್‌ನಲ್ಲಿ ಬಣ್ಣದ ಸಣ್ಣ ಕಣಗಳು ತೇಲುತ್ತಿರುತ್ತವೆ, ಆರಿದರೆ ಹಠಮಾರಿ. ಕ್ಯಾನನ್ ಜಿ2010, ಜಿ3010 ಮಾಡೆಲ್‌ಗಳ ಕಪ್ಪು ಇಂಕ್ ಪಿಗ್ಮೆಂಟ್, ಬಣ್ಣದವು ಡೈ. ಹಾಗಾಗಿ ಬಣ್ಣ ಒಂದು ಸಂಜೆಯಲ್ಲಿ ಸರಿಹೋಗಿ, ಕಪ್ಪು ಮಾತ್ರ ಎರಡು ಮೂರು ದಿನ ಆಟ ಆಡಿಸಿದರೆ ಗಾಬರಿ ಬೇಡ.

ನಿಜವಾಗಿಯೂ ಬ್ಲಾಕ್ ಆಗಿದೆಯಾ, ನೋಡಿ

ಕಂಪ್ಯೂಟರ್‌ನಲ್ಲಿ ಪ್ರಿಂಟರ್‌ನ ಪ್ರಿಂಟಿಂಗ್ ಪ್ರಿಫರೆನ್ಸಸ್ ತೆರೆದರೆ ಎಪ್ಸನ್, ಕ್ಯಾನನ್ ಎರಡರಲ್ಲೂ ಮೇಂಟೆನೆನ್ಸ್ ಅನ್ನುವ ಟ್ಯಾಬ್ ಇರುತ್ತದೆ. ಅದರಲ್ಲಿ ನಾಝಲ್ ಚೆಕ್ ಇದೆ, ಒತ್ತಿದರೆ ಒಂದೊಂದು ಬಣ್ಣದ ಸಣ್ಣ ಗೆರೆಗಳ ಪುಟ ಬರುತ್ತದೆ. ಎಚ್‌ಪಿಯಲ್ಲಿ ಇದೇ ಕೆಲಸಕ್ಕೆ ಪ್ರಿಂಟ್ ಕ್ವಾಲಿಟಿ ಡಯಾಗ್ನೋಸ್ಟಿಕ್ ಅಂತ ಒಂದು ಪುಟ ಬರುತ್ತದೆ. ಮಾಮೂಲಿ ಎ4 ಹಾಳೆ ಹಾಕಿ ಒಂದು ತೆಗೆಯಿರಿ. ಹಾಳೆಯ ಮೂಲೆಯಲ್ಲಿ ದಿನ, ಗಂಟೆ ಬರೆದಿಡಿ. ಅರ್ಧ ಗಂಟೆ ಬಿಟ್ಟು ಇನ್ನೊಂದು ತೆಗೆಯಿರಿ. ನಡುವೆ ಕ್ಲೀನಿಂಗ್ ಮಾಡಬೇಡಿ.

ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಈ ಲೇಖನದಲ್ಲಿ ನಾನು ಹೇಳುವ ಮುಖ್ಯ ಕೆಲಸ. ಎರಡರಲ್ಲೂ ಅದೇ ಜಾಗದ ಗೆರೆಗಳು ಕಾಣೆಯಾಗಿದ್ದರೆ ಅದು ಬ್ಲಾಕ್. ಒಂದು ಹಾಳೆಯಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ, ಹೀಗೆ ಜಾಗ ಬದಲಾಗುತ್ತಿದ್ದರೆ ತೂತು ಸರಿಯಾಗಿಯೇ ಇದೆ, ಅಲ್ಲಿಗೆ ಇಂಕ್ ತಲುಪುತ್ತಿಲ್ಲ. ಎಲ್ಲೋ ಗಾಳಿ ಸೇರಿಕೊಂಡಿದೆ. ಒಂದು ಬಣ್ಣ ಪೂರ್ತಿ ಮಾಯವಾಗಿದ್ದರೂ ನಾನು ಮೊದಲು ಗಾಳಿ ಅಥವಾ ಖಾಲಿ ಟ್ಯಾಂಕ್ ಮೇಲೆಯೇ ಅನುಮಾನ ಪಡುತ್ತೇನೆ, ಯಾಕೆಂದರೆ ಒಂದು ಬಣ್ಣದ ಅಷ್ಟೂ ತೂತುಗಳು ಒಂದೇ ರಾತ್ರಿಯಲ್ಲಿ ಕಟ್ಟಿಕೊಳ್ಳುವುದು ಕಡಿಮೆ. ಗೆರೆಗಳೆಲ್ಲ ಇವೆ, ಆದರೆ ಅಕ್ಷರ ಎರಡೆರಡಾಗಿ ಕಾಣುತ್ತದೆ ಅಂದರೆ ಅಲೈನ್‌ಮೆಂಟ್ ತಪ್ಪಿದೆ, ಅದಕ್ಕೆ ಅದೇ ಟ್ಯಾಬ್‌ನಲ್ಲಿ ಬೇರೆ ಬಟನ್ ಇದೆ. ಹಳದಿ ಗೆರೆಗಳ ಜಾಗದಲ್ಲಿ ಹಸಿರು ಬಂದರೆ ಕ್ಯಾಪ್ ಕೊಳಕಾಗಿ ಬಣ್ಣ ಬೆರೆತಿದೆ.

ಹಳದಿ ಬಿಳಿ ಹಾಳೆಯ ಮೇಲೆ ಸರಿಯಾಗಿ ಕಾಣುವುದಿಲ್ಲ, ಅಲ್ವಾ? ಮೊಬೈಲ್‌ನಲ್ಲಿ ಗಾಢ ನೀಲಿ ಬಣ್ಣದ ಚಿತ್ರ ಪೂರ್ತಿ ಸ್ಕ್ರೀನ್‌ಗೆ ತೆರೆದು, ಕೋಣೆಯ ದೀಪ ಆರಿಸಿ, ಆ ಬೆಳಕಿನಲ್ಲಿ ಹಾಳೆ ಹಿಡಿಯಿರಿ. ಹಳದಿ ಇಂಕ್ ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಗೆರೆಗಳು ಕಪ್ಪಗೆ ಎದ್ದು ಕಾಣುತ್ತವೆ.

ಮಳೆಗಾಲದಲ್ಲಿ ಇನ್ನೊಂದು ಮೋಸ ಇದೆ. ಜುಲೈ ತಿಂಗಳ ಮುಂಬಯಿ ಗಾಳಿಗೆ ಹೊರಗಿಟ್ಟ ಹಾಳೆ ತೇವ ಹೀರಿ ಮೆತ್ತಗಾಗುತ್ತದೆ. ಅದರ ಮೇಲೆ ಇಂಕ್ ಹರಡಿ ಅಕ್ಷರ ಮಸುಕಾಗುತ್ತದೆ. ಅದು ಹೆಡ್‌ನ ತಪ್ಪಲ್ಲ. ಹೊಸ ಪ್ಯಾಕೆಟ್‌ನಿಂದ ನಾಲ್ಕು ಹಾಳೆ ತೆಗೆದು ನೋಡಿ, ಉಳಿದ ರೀಮನ್ನು ಝಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ.

ಗಾಳಿ ಸೇರಿದ್ದರೆ

ಇದು ಸುಲಭ. ಟ್ಯಾಂಕ್‌ನಲ್ಲಿ ಇಂಕ್ ಕೆಳಗಿನ ಗೆರೆಗಿಂತ ಮೇಲಿರಲಿ. ಎಪ್ಸನ್‌ನ ಹಳೆಯ ಎಲ್ ಮಾಡೆಲ್‌ಗಳಲ್ಲಿ ಪಕ್ಕದಲ್ಲಿ ಟ್ರಾನ್ಸ್‌ಪೋರ್ಟ್ ಲಾಕ್ ಎಂಬ ತಿರುಗಿಸುವ ಗುಂಡಿ ಇರುತ್ತದೆ. ಮನೆ ಬದಲಾಯಿಸುವಾಗ ಮುಚ್ಚಿದ್ದನ್ನು ತೆರೆಯಲು ಮರೆತು, ಹೆಡ್ ಹೋಯಿತು ಅಂತ ಹೊಸ ಪ್ರಿಂಟರ್ ನೋಡಲು ಹೊರಡುವವರಿದ್ದಾರೆ. ಇಲ್ಲಿ 11 ತಿಂಗಳ ಅಗ್ರಿಮೆಂಟ್ ಮುಗಿದ ಕೂಡಲೇ ಮನೆ ಬದಲಾಯಿಸುವವರೇ ಜಾಸ್ತಿ, ಟೆಂಪೊದಲ್ಲಿ ಪ್ರಿಂಟರ್ ಅಡ್ಡ ಮಲಗಿಸಿ ತಂದರೆ ಟ್ಯೂಬ್‌ಗಳಿಗೆ ಗಾಳಿ ಹೋಗುವುದು ಖಂಡಿತ. ಟ್ಯಾಂಕ್ ತುಂಬಿಸಿ, ಸಮತಟ್ಟಾದ ಜಾಗದಲ್ಲಿಟ್ಟು, ಒಂದು ಕ್ಲೀನಿಂಗ್ ಕೊಟ್ಟು, ರಾತ್ರಿ ಪೂರ್ತಿ ಬಿಡಿ. ಬೆಳಗ್ಗೆ ನೋಡಿ. ಕಾರ್ಟ್ರಿಜ್ ಪ್ರಿಂಟರ್ ಆದರೆ ಹೊಸ ಕಾರ್ಟ್ರಿಜ್‌ನ ಟೇಪ್ ಪೂರ್ತಿ ಕಿತ್ತಿದ್ದೀರಾ ಅಂತ ಒಮ್ಮೆ ಪರೀಕ್ಷಿಸಿ.

ಬಟನ್ ಒತ್ತುವುದಾದರೆ ಲೆಕ್ಕವಿಟ್ಟು ಒತ್ತಿ

ಬ್ಲಾಕ್ ಅಂತ ಖಚಿತವಾಯಿತು. ಈಗ ಹೆಡ್ ಕ್ಲೀನಿಂಗ್ ಮಾಡಬಹುದು, ಆದರೆ ಒಂದು ಕ್ಲೀನಿಂಗ್‌ಗೆ ಒಂದು ನಾಝಲ್ ಚೆಕ್. ಸ್ವಲ್ಪ ಸುಧಾರಿಸಿದರೆ ಇನ್ನೊಮ್ಮೆ. ಮೂರು ಸಲಕ್ಕೆ ನಿಲ್ಲಿಸಿ. ಎಪ್ಸನ್ ತನ್ನ ಕೈಪಿಡಿಯಲ್ಲೇ ಹೇಳುವುದು ಇದನ್ನೇ: ಮೂರು ಸಲಕ್ಕೆ ಸರಿಯಾಗದಿದ್ದರೆ ಕನಿಷ್ಠ 12 ಗಂಟೆ ಪ್ರಿಂಟ್ ಮಾಡದೆ ಬಿಡಿ, ಆಮೇಲೆ ಮತ್ತೆ ಚೆಕ್ ಮಾಡಿ. ಕ್ಯಾನನ್‌ನಲ್ಲಿ ಡೀಪ್ ಕ್ಲೀನಿಂಗ್ ಆದ ಮೇಲೆ ಪವರ್ ಆಫ್ ಮಾಡಿ 24 ಗಂಟೆ ಬಿಡಲು ಹೇಳುತ್ತಾರೆ.

ಈ ಕಾಯುವುದರಲ್ಲಿ ಕೆಲಸ ನಡೆಯುತ್ತಿರುತ್ತದೆ. ಕ್ಲೀನಿಂಗ್ ಆದಾಗ ಹೊಸ ಇಂಕ್ ಆರಿದ ಇಂಕಿನ ಹಿಂದೆ ಬಂದು ನಿಂತಿರುತ್ತದೆ. ಅದರಲ್ಲಿರುವ ನೀರು ಮೆಲ್ಲನೆ ಆ ಗಟ್ಟಿಯನ್ನು ಮೆತ್ತಗೆ ಮಾಡುತ್ತದೆ. ತಳ ಹಿಡಿದ ಪಾತ್ರೆಯನ್ನು ನೆನೆಹಾಕಿದರೆ ಬೆಳಗ್ಗೆ ಕೈಯಲ್ಲೇ ಬರುವುದಿಲ್ಲವೇ, ಹಾಗೆ. ಒಂದೇ ಸಮನೆ ಹತ್ತು ಸಲ ಎಳೆದರೆ ತೆರೆದಿರುವ ತೂತುಗಳಿಂದ ಇಂಕ್ ಸುರಿದು ಹೋಗುತ್ತದೆ, ಕಟ್ಟಿಕೊಂಡ ತೂತು ಕಟ್ಟಿಕೊಂಡೇ ಇರುತ್ತದೆ.

ಹಾಗೆ ಸುರಿದ ಇಂಕ್ ಹೋಗುವುದು ಪ್ರಿಂಟರ್‌ನ ಹೊಟ್ಟೆಯಲ್ಲಿರುವ ವೇಸ್ಟ್ ಇಂಕ್ ಪ್ಯಾಡ್‌ಗೆ. ಪ್ರಿಂಟರ್ ಅದಕ್ಕೊಂದು ಲೆಕ್ಕ ಇಟ್ಟಿರುತ್ತದೆ. ಲೆಕ್ಕ ಮುಗಿದ ದಿನ ಎಪ್ಸನ್ ಇಂಕ್ ಪ್ಯಾಡ್‌ನ ಆಯಸ್ಸು ಮುಗಿಯಿತು ಅನ್ನುತ್ತದೆ, ಕ್ಯಾನನ್ 5ಬಿ00 ಅಂತ ತೋರಿಸಿ ನಿಂತುಬಿಡುತ್ತದೆ. ಹೆಡ್ ಸರಿಮಾಡಲು ಹೋಗಿ ಪೂರ್ತಿ ಪ್ರಿಂಟರನ್ನೇ ನಿಲ್ಲಿಸಿಕೊಳ್ಳಬೇಡಿ.

ಎಪ್ಸನ್ ಟ್ಯಾಂಕ್ ಮಾಡೆಲ್‌ಗಳಲ್ಲಿ ಪವರ್ ಕ್ಲೀನಿಂಗ್ ಎಂಬ ದೊಡ್ಡ ಅಸ್ತ್ರವೂ ಇದೆ, ಹಳೆಯವುಗಳಲ್ಲಿ ಅದನ್ನು ಪವರ್ ಇಂಕ್ ಫ್ಲಶಿಂಗ್ ಅನ್ನುತ್ತಾರೆ. ಟ್ಯೂಬಿನಲ್ಲಿರುವ ಇಂಕನ್ನೆಲ್ಲ ಎಳೆದು ಹೊಸದು ತುಂಬಿಸುತ್ತದೆ. ಎಲ್ಲ ಟ್ಯಾಂಕ್‌ಗಳೂ ಕನಿಷ್ಠ ಮೂರನೇ ಒಂದು ಭಾಗ ತುಂಬಿರಬೇಕು, ಇಲ್ಲದಿದ್ದರೆ ಗಾಳಿ ಎಳೆದುಕೊಂಡು ಇನ್ನೂ ಕೆಡುತ್ತದೆ. ಮತ್ತೆ ಮಾಡಬೇಕಾದರೆ 12 ಗಂಟೆ ಬಿಡಬೇಕು. ನನ್ನನ್ನು ಕೇಳಿದರೆ, ಮುಂದೆ ಹೇಳುವ ಕ್ಯಾಪ್ ತೊಳೆಯುವ ಕೆಲಸ ಮಾಡದೆ ಪವರ್ ಕ್ಲೀನಿಂಗ್‌ಗೆ ಕೈ ಹಾಕಬೇಡಿ.

ಸಾಮಾನು ತಂದಿಟ್ಟುಕೊಳ್ಳಿ

ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ. ಇನ್ವರ್ಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಕೇಳುವಾಗ ಬ್ಯಾಟರಿಗೆ ಹಾಕುವುದು ಕೊಡಿ ಅಂತಷ್ಟೇ ಹೇಳಬೇಡಿ, ಆ್ಯಸಿಡ್ ಬಾಟಲಿಯೂ ಅದೇ ಕಪಾಟಿನಲ್ಲಿರಬಹುದು. ಲೇಬಲ್ ಓದಿ. ನಲ್ಲಿ ನೀರು ಬೇಡ, ಅದರಲ್ಲಿರುವ ಉಪ್ಪಿನಂಶ ಆರಿ ನಾಝಲ್‌ನಲ್ಲೇ ಉಳಿಯುತ್ತದೆ. ಅಕ್ವಾಗಾರ್ಡ್ ನೀರೂ ಡಿಸ್ಟಿಲ್ಡ್ ಅಲ್ಲ. ಎಸಿಯಿಂದ ತೊಟ್ಟಿಕ್ಕುವ ನೀರು ಶುದ್ಧ ಅಂತ ಕೆಲವರು ಬಕೆಟ್ ಇಡುತ್ತಾರೆ, ಅದರಲ್ಲಿ ಧೂಳು, ಪಾಚಿ ಎಲ್ಲ ಇರುತ್ತದೆ.

ಪಿಗ್ಮೆಂಟ್ ಇಂಕ್ ಆದರೆ ಹೆಡ್ ಕ್ಲೀನಿಂಗ್ ಲಿಕ್ವಿಡ್ ಬೇಕಾಗಬಹುದು. ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಪ್ರಿಂಟರ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ಪುಣೆಯವರು ಬುಧವಾರ ಪೇಠೆಯ ತಪಕೀರ್ ಗಲ್ಲಿಯ ಕಡೆ ವಿಚಾರಿಸಬಹುದು. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲ್ ಕೂಡ ನಡೆಯುತ್ತದೆ, ಆದರೆ ಒಂದು ಪಾಲಿಗೆ ಮೂರು ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ನೇಲ್ ಪಾಲಿಶ್ ರಿಮೂವರ್ ಅಂತೂ ಬೇಡವೇ ಬೇಡ, ಅಸಿಟೋನ್ ಪ್ಲಾಸ್ಟಿಕ್ಕನ್ನೂ ಅಂಟನ್ನೂ ತಿಂದುಹಾಕುತ್ತದೆ.

ಉಳಿದದ್ದು ಕಿಚನ್ ಟವೆಲ್, ಕಿವಿ ಕಡ್ಡಿ, ನೂಲು ಬಿಡದ ಬಟ್ಟೆ, ಸೂಜಿ ಇಲ್ಲದ 5 ಎಂಎಲ್ ಸಿರಿಂಜ್, ಹಳೆ ಪೇಪರ್. ಕನ್ನಡಕದ ಅಂಗಡಿಯವರು ಕೊಡುವ ಒರೆಸುವ ಬಟ್ಟೆ ಈ ಕೆಲಸಕ್ಕೆ ಬಹಳ ಒಳ್ಳೆಯದು. ಕೈಗವಸು ಹಾಕಿಕೊಳ್ಳಿ. ಬಿಳಿ ಮಾರ್ಬಲ್ ನೆಲದ ಬಾಡಿಗೆ ಮನೆಯಾದರೆ ಪೇಪರ್ ಇನ್ನೂ ನಾಲ್ಕು ಜಾಸ್ತಿ ಹಾಸಿ, ಇಂಕ್ ಕಲೆಗೆ ಡೆಪಾಸಿಟ್‌ನಲ್ಲಿ ಹಿಡಿಯುತ್ತಾರೆ.

ಕಾರ್ಟ್ರಿಜ್‌ನಲ್ಲೇ ಹೆಡ್ ಇದ್ದರೆ

ಎಚ್‌ಪಿಯ 803, 680, ಕ್ಯಾನನ್‌ನ 745, 746ರಂಥ ಎರಡು ಕಾರ್ಟ್ರಿಜ್ ಹಾಕುವ ಪ್ರಿಂಟರ್‌ಗಳಲ್ಲಿ ಹೆಡ್ ಕಾರ್ಟ್ರಿಜ್‌ಗೇ ಅಂಟಿಕೊಂಡಿರುತ್ತದೆ. ತೀರಾ ಕೆಟ್ಟರೆ ಹೊಸ ಕಾರ್ಟ್ರಿಜ್ ಹಾಕಿದರೆ ಹೆಡ್ಡೂ ಹೊಸದಾಯಿತು. ಹಾಗಾಗಿ ಧೈರ್ಯವಾಗಿ ಕೈ ಹಾಕಬಹುದು.

ಕಾರ್ಟ್ರಿಜ್ ಹೊರಗೆ ತೆಗೆಯಿರಿ. ಅಡಿಯಲ್ಲಿ ಕಾಣುವ ಸಣ್ಣ ಹೊಳೆಯುವ ಪಟ್ಟಿಯೇ ನಾಝಲ್ ಇರುವ ಜಾಗ. ಬೆನ್ನಿನ ಮೇಲಿರುವ ತಾಮ್ರದ ಬಣ್ಣದ ಚುಕ್ಕೆಗಳು ಕರೆಂಟ್‌ನವು, ಅವಕ್ಕೆ ನೀರು ತಾಗಿಸಬೇಡಿ. ಕಿಚನ್ ಟವೆಲನ್ನು ನಾಲ್ಕು ಮಡಿಕೆ ಮಾಡಿ, ಉಗುರು ಬೆಚ್ಚಗಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ಒದ್ದೆ ಮಾಡಿ, ಒಂದು ತಟ್ಟೆಯಲ್ಲಿಡಿ. ಅದರ ಮೇಲೆ ನಾಝಲ್ ಕೆಳಗಾಗುವಂತೆ ಕಾರ್ಟ್ರಿಜ್ ಕೂರಿಸಿ ಐದು ಹತ್ತು ನಿಮಿಷ ಬಿಡಿ. ಎತ್ತಿ ಒಣ ಟವೆಲ್ ಮೇಲೆ ಮೆಲ್ಲನೆ ಒತ್ತಿ, ಉಜ್ಜಬೇಡಿ. ಬಣ್ಣದ ಕಾರ್ಟ್ರಿಜ್ ಆದರೆ ಮೂರು ಬಣ್ಣದ ಪಟ್ಟೆ ಬೇರೆ ಬೇರೆಯಾಗಿ ಮೂಡಬೇಕು. ಎರಡೇ ಬಂದರೆ ಮೂರನೆಯದು ಇನ್ನೂ ಕಟ್ಟಿಕೊಂಡಿದೆ ಅಥವಾ ಖಾಲಿಯಾಗಿದೆ ಅಂತ ಅರ್ಥ. ಇನ್ನೆರಡು ಸಲ ಇದೇ ರೀತಿ ಮಾಡಿ. ಚುಕ್ಕೆಗಳನ್ನು ಒಣ ಬಟ್ಟೆಯಲ್ಲಿ ಒರೆಸಿ ವಾಪಸ್ ಹಾಕಿ, ಒಂದು ಕ್ಲೀನಿಂಗ್, ಒಂದು ಚೆಕ್.

ಮೂರೂ ಪಟ್ಟೆ ಟವೆಲ್ ಮೇಲೆ ಚೆನ್ನಾಗಿ ಮೂಡಿ, ಪ್ರಿಂಟ್‌ನಲ್ಲಿ ಮಾತ್ರ ಒಂದು ಬಣ್ಣ ಬರುವುದಿಲ್ಲ ಅಂದರೆ ಹೀಟರ್ ಸುಟ್ಟಿರಬೇಕು. ಹೊಸ ಕಾರ್ಟ್ರಿಜ್ ತನ್ನಿ.

ಕ್ಯಾನನ್ ಟ್ಯಾಂಕ್ ಮಾಡೆಲ್‌ಗಳು

ಜಿ2000, ಜಿ3000 ಸಾಲಿನಲ್ಲಿ ಕಪ್ಪಿಗೊಂದು, ಬಣ್ಣಕ್ಕೊಂದು, ಹೀಗೆ ಎರಡು ಹೆಡ್. ಕೈಯಲ್ಲೇ ತೆಗೆಯಬಹುದು, ಆದರೆ ಟ್ಯೂಬ್ ಬಿಟ್ಟುಕೊಂಡ ಕ್ಷಣ ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಮೊದಲ ದಿನವೇ ತೆಗೆಯಬೇಡಿ. ಕ್ಲೀನಿಂಗ್, ಡೀಪ್ ಕ್ಲೀನಿಂಗ್, 24 ಗಂಟೆ ಬಿಡುವುದು, ಇಷ್ಟು ಆದ ಮೇಲೂ ಸರಿಯಾಗದಿದ್ದರೆ ಮಾತ್ರ ತೆಗೆದು ಮೇಲೆ ಕಾರ್ಟ್ರಿಜ್‌ಗೆ ಹೇಳಿದ ಹಾಗೆಯೇ ಒದ್ದೆ ಟವೆಲ್ ಮೇಲೆ ಕೂರಿಸಿ. ಪಿಗ್ಮೆಂಟ್ ಕಪ್ಪಿಗೆ ಕ್ಲೀನಿಂಗ್ ಲಿಕ್ವಿಡ್ ಬಳಸಿ, ಸಮಯವೂ ಜಾಸ್ತಿ ಕೊಡಿ. ವಾಪಸ್ ಹಾಕುವಾಗ ಮೇಲಿನ ಎರಡು ಜಾಯಿಂಟ್ ಬಟನ್‌ಗಳನ್ನು ಪೂರ್ತಿ ಕೆಳಗೆ ಒತ್ತಬೇಕು, ಅರ್ಧ ಒತ್ತಿದರೆ ಇಂಕ್ ಬರುವುದಿಲ್ಲ. ಹೆಡ್‌ನಲ್ಲಿ ಎಲ್ಲೂ ನೀರಿನ ಪಸೆ ಉಳಿದಿರಬಾರದು. ಒದ್ದೆ ಹೆಡ್ ಹಾಕಿ ಆನ್ ಮಾಡಿದರೆ ಶಾರ್ಟ್ ಆಗಿ ಬೋರ್ಡೂ ಹೋಗಬಹುದು. ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ, ಫ್ಯಾನ್ ಕೆಳಗೆ ಒಂದು ದಿನವಾದರೂ ಇಡಿ. ಹೇರ್ ಡ್ರೈಯರ್ ಬಿಸಿ ಗಾಳಿ ಬೇಡ.

ಎಪ್ಸನ್: ಹೆಡ್ ತೆಗೆಯದೆ ತೊಳೆಯುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಎಪ್ಸನ್ ಎಲ್ ಸಾಲಿನಲ್ಲಿ ಹೆಡ್ ಪ್ರಿಂಟರ್‌ನೊಳಗೇ ಕಟ್ಟಿರುತ್ತದೆ, ಬಿಚ್ಚುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ಆದರೆ ಬಿಚ್ಚದೆಯೇ ತುಂಬಾ ಮಾಡಬಹುದು.

1. ಪ್ರಿಂಟರ್ ಆನ್ ಮಾಡಿ ಒಂದು ಹಾಳೆ ಪ್ರಿಂಟ್ ಕೊಡಿ. ಹೆಡ್ ಬಲಗಡೆಯಿಂದ ಹೊರಟು ಮಧ್ಯಕ್ಕೆ ಬಂದಾಗ ಪ್ಲಗ್ ಎಳೆಯಿರಿ. ಗೋಡೆ ಸ್ವಿಚ್ ಮುಟ್ಟಬೇಡಿ ಅಂದವನೇ ಈಗ ಹೀಗೆ ಹೇಳುತ್ತಿದ್ದೇನೆ, ಇದೊಂದು ಸಂದರ್ಭಕ್ಕೆ ಮಾತ್ರ. ಈಗ ಹೆಡ್ ಕೈಯಲ್ಲಿ ಸರಾಗವಾಗಿ ಸರಿಯುತ್ತದೆ. ಒಳಗೆ ಹಾಳೆ ಸಿಕ್ಕಿಕೊಂಡಿದ್ದರೆ ಮೆಲ್ಲನೆ ಎಳೆದು ತೆಗೆಯಿರಿ.

2. ಹೆಡ್ಡನ್ನು ಎಡಕ್ಕೆ ಸರಿಸಿದರೆ ಬಲಗಡೆ ಕ್ಯಾಪ್ ಕಾಣುತ್ತದೆ, ಸುತ್ತ ರಬ್ಬರ್ ಅಂಚು, ಮಧ್ಯದಲ್ಲಿ ಸ್ಪಂಜ್. ಒದ್ದೆ ಕಿವಿ ಕಡ್ಡಿಯಲ್ಲಿ ಆ ಅಂಚನ್ನು ಸುತ್ತಲೂ ಒರೆಸಿ. ಕೂದಲು, ಧೂಳು, ಆರಿದ ಇಂಕ್ ಏನಿದ್ದರೂ ಹೋಗಬೇಕು. ಕ್ಲೀನಿಂಗ್ ಮಾಡುವಾಗ ಪಂಪ್ ಇಂಕ್ ಎಳೆಯುವುದು ಈ ಕ್ಯಾಪ್ ಮೂಲಕ. ಅಂಚಿನಲ್ಲಿ ಒಂದು ಕೂದಲು ಇದ್ದರೂ ಗಾಳಿ ಎಳೆಯುತ್ತದೆ, ಇಂಕ್ ಎಳೆಯುವುದಿಲ್ಲ. ಎಷ್ಟು ಕ್ಲೀನಿಂಗ್ ಕೊಟ್ಟರೂ ಏನೂ ಆಗುತ್ತಿಲ್ಲ ಅನ್ನುವವರ ತೊಂದರೆ ಎಷ್ಟೋ ಸಲ ಹೆಡ್‌ನಲ್ಲಿ ಇರುವುದೇ ಇಲ್ಲ, ಇಲ್ಲಿರುತ್ತದೆ.

3. ಪಕ್ಕದಲ್ಲಿ ನಿಂತಿರುವ ರಬ್ಬರ್ ನಾಲಿಗೆ ವೈಪರ್. ಅದನ್ನೂ ಒರೆಸಿ.

4. ಸಿರಿಂಜಿನಲ್ಲಿ ಡಿಸ್ಟಿಲ್ಡ್ ವಾಟರ್ ತೆಗೆದುಕೊಂಡು ಕ್ಯಾಪ್‌ಗೆ ಒಂದೊಂದೇ ಹನಿ ಬಿಡಿ, ತುಂಬುವವರೆಗೆ. ಉಕ್ಕಿಸಬೇಡಿ. ಐದು ನಿಮಿಷ ಬಿಟ್ಟು ಟವೆಲ್ ಮೂಲೆಯಿಂದ ಹೀರಿ ತೆಗೆಯಿರಿ. ಕಪ್ಪು ನೀರು ಬರುವುದು ನಿಲ್ಲುವವರೆಗೆ ಮಾಡಿ.

5. ಈಗ ಹೆಡ್. ಕಿಚನ್ ಟವೆಲನ್ನು ಎರಡು ಬೆರಳು ಅಗಲದ ಪಟ್ಟಿಯಾಗಿ ಮಡಚಿ ಒದ್ದೆ ಮಾಡಿ, ತೊಟ್ಟಿಕ್ಕುವಷ್ಟಲ್ಲ. ಹಾಳೆ ಹೋಗುವ ದಾರಿಯಲ್ಲಿ ಹಾಸಿ, ಹೆಡ್ಡನ್ನು ಮೆಲ್ಲನೆ ಅದರ ಮೇಲೆ ತನ್ನಿ. ಬಿಗಿಯಾದರೆ ಒಂದು ಮಡಿಕೆ ಕಡಿಮೆ ಮಾಡಿ, ಬಲ ಹಾಕಬೇಡಿ. ಅರ್ಧ ಗಂಟೆ ಬಿಟ್ಟು ಪಟ್ಟಿ ತೆಗೆದರೆ ಯಾವ ಬಣ್ಣ ಬಿಟ್ಟಿದೆ, ಯಾವುದು ಬಿಟ್ಟಿಲ್ಲ ಕಾಣುತ್ತದೆ. ಹೊಸ ಪಟ್ಟಿ ಹಾಕಿ ಇನ್ನೊಮ್ಮೆ ಮಾಡಿ.

6. ರಾತ್ರಿ ಪೂರ್ತಿ ನೆನೆಸಬೇಕಾದರೆ ಪಟ್ಟಿಯ ಮೇಲೆ ಬಿಡಬೇಡಿ, ಪಟ್ಟಿ ಆರಿದರೆ ಹೆಡ್ಡೂ ಆರುತ್ತದೆ. ಕ್ಯಾಪ್‌ಗೆ ನೀರನ್ನೋ ಲಿಕ್ವಿಡ್ಡನ್ನೋ ತುಂಬಿಸಿ, ಹೆಡ್ಡನ್ನು ಬಲಕ್ಕೆ ತಂದು ಅದರ ಮೇಲೆ ಕೂರಿಸಿ ಮಲಗಿ.

7. ಬೆಳಗ್ಗೆ ಪ್ಲಗ್ ಹಾಕಿ ಆನ್ ಮಾಡಿ, ಒಂದು ಕ್ಲೀನಿಂಗ್, ಒಂದು ಚೆಕ್.

ಈ ಕೆಲಸದಲ್ಲಿ ಹೆಡ್‌ನ ಹಿಂದೆ ಉದ್ದಕ್ಕೆ ಕಟ್ಟಿರುವ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಗೆ ಕೈ ತಾಗಿಸಬೇಡಿ. ಅದು ಎನ್‌ಕೋಡರ್, ಹೆಡ್ ಎಲ್ಲಿದೆ ಅಂತ ಪ್ರಿಂಟರ್‌ಗೆ ತಿಳಿಯುವುದು ಅದರಿಂದ. ಗ್ರೀಸ್ ಕೈ ತಾಗಿದರೆ ಪ್ರಿಂಟ್ ಅಲ್ಲಲ್ಲಿ ಜರುಗುತ್ತದೆ, ಇಲ್ಲವೇ ಹೆಡ್ ಹೋಗಿ ಗೋಡೆಗೆ ಗುದ್ದುತ್ತದೆ. ತಾಗಿದ್ದರೆ ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಲ್ಲಿ ಹಗುರವಾಗಿ ಒರೆಸಿ.

ಹೆಡ್‌ನ ಮೇಲಿನಿಂದ ಸಲೈನ್ ಟ್ಯೂಬ್ ಸಿಕ್ಕಿಸಿ ಸಿರಿಂಜಿನಿಂದ ಲಿಕ್ವಿಡ್ ತಳ್ಳುವ ವಿಧಾನವೂ ಇದೆ. ಅಂಗಡಿಯವರು ಮಾಡುತ್ತಾರೆ. ಮನೆಯಲ್ಲಿ ನಾನು ಅದನ್ನು ಶಿಫಾರಸು ಮಾಡುವುದು ಎಸೆಯಲು ಮನಸ್ಸು ಮಾಡಿರುವ ಪ್ರಿಂಟರ್‌ಗೆ ಮಾತ್ರ.

ಮತ್ತೆ ಕಟ್ಟಿಕೊಳ್ಳದ ಹಾಗೆ

ವಾರಕ್ಕೊಂದು ಬಣ್ಣದ ಹಾಳೆ ಪ್ರಿಂಟ್ ಮಾಡಿ, ನಾಲ್ಕೂ ಬಣ್ಣ ಇರುವ ಸಣ್ಣ ಚಿತ್ರ ಸಾಕು. ಬರೀ ಕಪ್ಪು ತೆಗೆಯುವ ಮನೆಗಳಲ್ಲಿ ಬಣ್ಣವೇ ಮೊದಲು ಕಟ್ಟಿಕೊಳ್ಳುವುದು. ಪ್ರಿಂಟರ್‌ನ ಬಟನ್‌ನಿಂದಲೇ ಆಫ್ ಮಾಡಿ, ದೀಪ ಪೂರ್ತಿ ಆರಿದ ಮೇಲೆ ಗೋಡೆ ಸ್ವಿಚ್. ಎಸಿ ಗಾಳಿ ನೇರ ಬೀಳುವ ಕಡೆ ಇಡಬೇಡಿ. ಎದುರು ಬಿಲ್ಡಿಂಗ್ ರಿಡೆವಲಪ್‌ಮೆಂಟ್‌ಗೆ ಹೋಗಿದ್ದರೆ ಕಿಟಕಿ ಪಕ್ಕವೂ ಬೇಡ, ಆ ಸಿಮೆಂಟ್ ಧೂಳು ಕ್ಯಾಪ್ ಅಂಚಿನಲ್ಲೇ ಕೂರುತ್ತದೆ. ಮುಂಬಯಿಯ ಕಡಲ ಗಾಳಿಯಲ್ಲಿ ತೇವ ಇರುವುದರಿಂದ ಇಂಕ್ ಸ್ವಲ್ಪ ನಿಧಾನವಾಗಿ ಆರುತ್ತದೆ. ಪುಣೆಯಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳು ಒಣ ಒಣ, ಅಲ್ಲಿಯವರು ಹೆಚ್ಚು ಹುಷಾರಾಗಿರಬೇಕು. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಕೀ ಕೊಟ್ಟು ಗಿಡಕ್ಕೆ ನೀರು ಹಾಕಿ ಅನ್ನುತ್ತೀರಲ್ಲ, ಹಾಗೇ ಪ್ರಿಂಟರ್ ಆನ್ ಮಾಡಿ ಒಂದು ಬಣ್ಣದ ಕಾಪಿ ತೆಗೆಯಿರಿ ಅಂತಲೂ ಹೇಳಿ. ಕಾಪಿ ಬಟನ್ ಇರುವ ಪ್ರಿಂಟರ್‌ಗೆ ಕಂಪ್ಯೂಟರ್ ಬೇಕಾಗಿಲ್ಲ.

ಅಂಗಡಿಯ ಇಂಕ್ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಿದ ಕೂಡಲೇ ಏನೂ ಆಗುವುದಿಲ್ಲ. ಆದರೆ ಡೈ ಇರುವ ಟ್ಯಾಂಕ್‌ಗೆ ಪಿಗ್ಮೆಂಟ್ ಸುರಿದರೆ ಒಳಗೆ ಗಸಿ ಕಟ್ಟುತ್ತದೆ, ಅದಕ್ಕೆ ಮದ್ದಿಲ್ಲ. ಯಾವುದು ಡೈ, ಯಾವುದು ಪಿಗ್ಮೆಂಟ್ ಅಂತ ಬಾಟಲಿ ಮೇಲೆ ಬರೆದಿರದ ಇಂಕ್ ತರಬೇಡಿ. ಕಂಪನಿ ಬಾಟಲಿಯ ಬೆಲೆ ಈಗ ಅಷ್ಟೇನೂ ದುಬಾರಿಯಲ್ಲ, ಹೆಡ್‌ನ ಬೆಲೆಯ ಮುಂದೆ ಏನೇನೂ ಅಲ್ಲ.

ತಿಂಗಳಿಗೆ ನಾಲ್ಕು ಆಧಾರ್ ಕಾಪಿ, ಎರಡು ಟಿಕೆಟ್ ಬಿಟ್ಟರೆ ಬೇರೆ ಕೆಲಸ ಇಲ್ಲದ ಮನೆಗೆ ಇಂಕ್‌ಜೆಟ್ ಯಾಕೆ? ಸಣ್ಣ ಲೇಸರ್ ತನ್ನಿ. ಅದರಲ್ಲಿರುವುದು ಟೋನರ್ ಪುಡಿ, ಆರು ತಿಂಗಳು ಮುಟ್ಟದಿದ್ದರೂ ಆರುವುದಕ್ಕೆ ಅದರಲ್ಲಿ ನೀರೇ ಇಲ್ಲ.

ಯಾವಾಗ ನಿಲ್ಲಿಸಬೇಕು

ಒಂದು ವಾರ ನೆನೆಸಿ, ಕ್ಯಾಪ್ ತೊಳೆದು, ಒಂದು ಪವರ್ ಕ್ಲೀನಿಂಗ್ ಕೊಟ್ಟ ಮೇಲೂ ಅದೇ ಗೆರೆಗಳು ಅದೇ ಜಾಗದಲ್ಲಿ ಕಾಣೆಯಾಗಿದ್ದರೆ ಮುಂದೆ ಎಳೆಯಬೇಡಿ. ಎರಡು ಮೂರು ಗೆರೆ ಮಾತ್ರ ಹೋಗಿದ್ದರೆ ಪ್ರಿಂಟ್ ಸೆಟ್ಟಿಂಗ್‌ನಲ್ಲಿ ಹೈ ಕ್ವಾಲಿಟಿ ಇಟ್ಟು ನೋಡಿ. ಆಗ ಹೆಡ್ ಒಂದೇ ಜಾಗದ ಮೇಲೆ ಹಲವು ಸಲ ಹಾದು ಹೋಗುತ್ತದೆ, ಬಿಳಿ ಗೆರೆ ಮುಚ್ಚಿಹೋಗುತ್ತದೆ. ನಿಧಾನ, ಆದರೆ ಶಾಲೆಯ ಪ್ರಾಜೆಕ್ಟ್‌ಗೆ ಧಾರಾಳ ಸಾಕು.

ರಿಪೇರಿಗೆ ಕೊಡುವುದಾದರೆ ತಾರೀಖು ಬರೆದ ನಾಝಲ್ ಚೆಕ್ ಹಾಳೆಗಳನ್ನು ಜೊತೆಗೆ ಕೊಡಿ. ಬರೀ ಪ್ರಿಂಟ್ ಸರಿ ಬರುತ್ತಿಲ್ಲ ಅಂದರೆ ಅವರೂ ಮೊದಲಿನಿಂದ ಹತ್ತು ಕ್ಲೀನಿಂಗ್ ಹೊಡೆಯುತ್ತಾರೆ, ನಿಮ್ಮ ಇಂಕ್‌ನಲ್ಲಿ. ಹೆಡ್ ಬದಲಾಯಿಸಬೇಕು ಅಂದರೆ ಹೆಡ್ ಎಷ್ಟು, ಮಜೂರಿ ಎಷ್ಟು ಅಂತ ಬೇರೆ ಬೇರೆ ಕೇಳಿ, ಎಪ್ಸನ್‌ನ ಸಣ್ಣ ಮಾಡೆಲ್‌ಗಳಲ್ಲಿ ಎರಡೂ ಸೇರಿ ಹೊಸ ಪ್ರಿಂಟರ್ ಹತ್ತಿರ ಹತ್ತಿರ ಬರಬಹುದು.

ಪ್ಯಾಡ್ ತುಂಬಿದೆ ಅಂತ ನಿಂತಿದ್ದರೆ ನೆಟ್‌ನಲ್ಲಿ ಸಿಗುವ ಫ್ರೀ ರೀಸೆಟ್ ಸಾಫ್ಟ್‌ವೇರ್ ಹಾಕಿಕೊಳ್ಳಬೇಡಿ, ಅವುಗಳ ಜೊತೆ ವೈರಸ್ ಬರುವುದು ಮಾಮೂಲು. ಕೆಲವು ಹೊಸ ಮಾಡೆಲ್‌ಗಳಲ್ಲಿ ಮೇಂಟೆನೆನ್ಸ್ ಬಾಕ್ಸ್ ಅಂತ ಬೇರೆ ಡಬ್ಬಿ ಇರುತ್ತದೆ, ಅದನ್ನು ನೀವೇ ಬದಲಾಯಿಸಬಹುದು. ಉಳಿದವುಗಳಿಗೆ ಪ್ಯಾಡ್ ಬದಲಾಯಿಸಿ, ಆಮೇಲೆ ರೀಸೆಟ್ ಮಾಡಬೇಕು. ಪ್ಯಾಡ್ ಮುಟ್ಟದೆ ಲೆಕ್ಕ ಮಾತ್ರ ಸೊನ್ನೆ ಮಾಡಿ ಕೊಟ್ಟರೆ ಕೆಲವು ತಿಂಗಳಲ್ಲಿ ಇಂಕ್ ಕೆಳಗಿನಿಂದ ಸೋರಿ ಟೇಬಲ್ ಮೇಲೆ ಬರುತ್ತದೆ. ದುಡ್ಡು ಕೊಡುವ ಮೊದಲು ತೆಗೆದ ಹಳೆ ಪ್ಯಾಡ್ ತೋರಿಸಿ ಅಂತ ಕೇಳಿ.